ನಾನು ಸತ್ತಿರಲಿಲ್ಲ

ಒದ್ದೆ ಲಾಮಾ ಉಣ್ಣೆಯ ವಾಸನೆ. ಕಣ್ಣು ಬಿಡುವ ಮೊದಲೇ ನನಗೆ ಗೊತ್ತಾದದ್ದು ಅದೊಂದೇ. ಅಮ್ಮ ಆ ಸಾಕುಪ್ರಾಣಿಯ ಉಣ್ಣೆಯ ಎಳೆಗಳನ್ನು ಜೇಡರ ಬಲೆಯಿಂದ ಬಿಗಿದು, ಬಟ್ಟೆ ನೇಯುವ ಫೆಲೀಪಾಳ ಕಲ್ಲುಮನೆಯ ಸೂರಿನಡಿ ಗೂಡು ಕಟ್ಟಿದ್ದಳು. ಬೆಕ್ಕು ಹತ್ತದಂತೆ ಫೆಲೀಪಾ ಅದನ್ನು ಕಾಯುತ್ತಿದ್ದಳು.

ನಾನೊಂದು ಝೇಂಕಾರದ ಹಕ್ಕಿ. ಹಮ್ಮಿಂಗ್‌ಬರ್ಡ್ ಎನ್ನುತ್ತೀರಲ್ಲ, ಅದೇ. ಪೆರು ದೇಶದ ಆಂಡಿಸ್ ಪರ್ವತದಲ್ಲಿ, ಮರವೇ ಬೆಳೆಯದಷ್ಟು ಎತ್ತರದಲ್ಲಿ ನನ್ನ ಊರು. ನನ್ನಷ್ಟು ಸಣ್ಣ ಮೈಯಲ್ಲಿ ರಾತ್ರಿಯಿಡೀ ಬಿಸಿ ನಿಲ್ಲುವುದಿಲ್ಲ. ಹಾಗಾಗಿ ಕತ್ತಲಾದರೆ ನಾವು ಕಲ್ಲಿನಂತೆ ತಣ್ಣಗಾಗುತ್ತೇವೆ. ಬಿಸಿಲು ತಾಗಿದಾಗ ನಡುಗುತ್ತ ಏಳುತ್ತೇವೆ. ಎಲ್ಲರೂ ಹೀಗೇ ಮಲಗುತ್ತಾರೆಂದು ನಾನು ತಿಳಿದಿದ್ದೆ.

ನನ್ನ ಮೂರನೆಯ ವರ್ಷ, ಫೆಲೀಪಾಳ ಮಗಳ ಮದುವೆಗೆ ಎರಡು ದಿನವಿರುವಾಗ, ರಾತ್ರಿ ಭಾರಿ ಆಲಿಕಲ್ಲು ಬಿತ್ತು. ಬೆಳಿಗ್ಗೆಯೂ ಮೋಡ, ಬಿಸಿಲು ಬರಲೇ ಇಲ್ಲ. ಎಚ್ಚರವಾಗತೊಡಗಿದಾಗ ನಾನು ಯಾರದೋ ಬೆಚ್ಚನೆಯ ಅಂಗೈಯಲ್ಲಿದ್ದೆ. ಕಣ್ಣು ತೆರೆಯಲಾಗದು, ಕಿವಿ ಮಾತ್ರ ಕೇಳುತ್ತಿತ್ತು.

"ಅಯ್ಯೋ ಅತ್ತಿಗೆ, ನಿಮ್ಮ ಸೂರಿನ ಹಕ್ಕಿ ಸತ್ತುಹೋಗಿದೆ ನೋಡಿ." ಅದು ಫೆಲೀಪಾಳ ನಾದಿನಿ ಹಸಿಂತಾಳ ದನಿ.

"ಪಾಪ! ಕೊಡು ಇಲ್ಲಿ, ಹೂತಿಡೋಣ."

"ಅದಕ್ಕೆ ಮುಂಚೆ ಕತ್ತಿನ ಹಸಿರು ಗರಿ ಕಿತ್ಕೊಳ್ಳೋಣ. ಮದುಮಗಳು ಮದುವೆಗೆ ಹಾಕೋ ಟೋಪಿಗೆ ಹೊಲಿದ್ರೆ ಹೇಗೆ ಹೊಳೆಯುತ್ತೆ ಗೊತ್ತಾ! ನಿಮ್ಮ ಬೀಗಿತ್ತಿ ಟೋಪೀಲಿ ಇರೋದು ಬರೀ ಗಾಜಿನ ಮಣಿ."

ಫೆಲೀಪಾ ನಕ್ಕೇಬಿಟ್ಟಳು. "ಹಾಗಾದ್ರೆ ಕೀಳೇ, ಬೇಗ."

ಸತ್ತಿದ್ದೇನೆಯೇ? ನಾನೇ? ಕೂಗೋಣವೆಂದರೆ ಕೊಕ್ಕು ತೆರೆಯದು. ಮೊಟ್ಟೆಯಲ್ಲಿದ್ದಾಗಿನಿಂದ ನನ್ನನ್ನು ಕಾದ ಫೆಲೀಪಾಳೇ ನಗುತ್ತಿದ್ದಾಳೆ! ಒಂದು ಗರಿ ಹೋಯಿತು. ಇನ್ನೊಂದು. ಮೂರನೆಯದಕ್ಕೆ ನೋವು ಬೆಂಕಿಯಂತೆ ಹರಿದು ಇಡೀ ಮೈ ನಡುಗಿತು.

ಹಸಿಂತಾ ಚೀರಿದಳು. "ಉಸಿರಾಡ್ತಿದೆ! ದೇವರೇ, ಜೀವ ಇರೋದನ್ನ ಕಿತ್ತೆನಲ್ಲ!"

ಕಣ್ಣು ಬಿಟ್ಟೆ, ಆದರೆ ಹಾರಲಾಗಲಿಲ್ಲ. ನಡುಗಿ ಏಳುವುದರಲ್ಲೇ ಮೈಯ ಬಲವೆಲ್ಲ ಮುಗಿದಿತ್ತು. ಹೊರಗೆ ಹೂಗಳೆಲ್ಲ ಆಲಿಕಲ್ಲಿನಡಿ ಹೂತಿದ್ದವು. ತಕ್ಷಣ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಈ ಸಲ ನಿಜವಾಗಿಯೂ ಸಾಯುತ್ತಿದ್ದೆ.

ಈಗ ನಾನು ಮುದಿ ಹಕ್ಕಿ. ಕತ್ತಿನ ಆ ಜಾಗದಲ್ಲಿ ಗರಿ ಸೊಟ್ಟಗೆ ಬೆಳೆದಿದೆ. ಆ ನಗು ನೆನಪಾದರೆ ಎದೆ ಇಂದಿಗೂ ಝಲ್ಲೆನ್ನುತ್ತದೆ. ಆದರೆ ಅದರ ಬೆನ್ನಿಗೇ ಇದೂ ನೆನಪಾಗುತ್ತದೆ. ಹಸಿಂತಾ ತಾನಿನ್ನೂ ಕುಡಿಯದ ಸಕ್ಕರೆ ಕಷಾಯದ ಲೋಟ ತಂದು, ಊದಿ ಆರಿಸಿ, ಚಮಚದಲ್ಲಿ ತುಂಬಿ, ನನ್ನ ಕೊಕ್ಕಿಗೆ ಹಿಡಿದಳು.