ಡಿನ್ನರ್ ಹೊತ್ತಿಗೆ ಬೆಚ್ಚಗಿರಬೇಕು

ಗ್ಲೆಂಡಾ ಸಗ್ಡನ್ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಹನ್ನೊಂದೂ ಇಪ್ಪತ್ತು. ಹೊರಗಿನ ಜನವರಿಯೇ ಮೇಲು ಅನ್ನಿಸುವಷ್ಟು ಮನೆ ತಣ್ಣಗಿತ್ತು. ಕೋಟಿನ ಗುಂಡಿಗೆ ಹೋದ ಕೈ ಅಲ್ಲೇ ನಿಂತಿತು. ಬಿಸಿನೀರು ಹರಿದು ಮನೆ ಕಾಯಿಸಬೇಕಾದ ಹಜಾರದ ರೇಡಿಯೇಟರ್ ಮುಟ್ಟಿ ನೋಡಿದಳು. ಹೆಣ ಮುಟ್ಟಿದಂತಾಯಿತು.

ಇವತ್ತೇ ಆಗಬೇಕಾಗಿತ್ತೇ ಇದು?

ಮಗಳು ಲಿಯಾನ್‌ಗೆ ದಿನ ತುಂಬುವ ಏಳು ವಾರ ಮೊದಲೇ ಹೆರಿಗೆಯಾಗಿತ್ತು. ಅಂಗೈ ಮೇಲೆ ಮಲಗಿಸಬಹುದಾದಂಥ ಹೆಣ್ಣು ಮಗು. ಐದು ವಾರ ಆಸ್ಪತ್ರೆಯಲ್ಲಿಟ್ಟು, ಇನ್ನು ಮನೆಗೆ ಒಯ್ಯಬಹುದು ಅಂದಿದ್ದರು. ಆದರೆ ಮೊದಲು ನರ್ಸ್ ಜಾನೆಟ್ ಥ್ವೇಟ್ ಬಂದು ಮಗುವಿನ ಕೋಣೆ ನೋಡಬೇಕು. ಕೋಣೆ ಹದಿನೆಂಟು ಡಿಗ್ರಿ ಇದ್ದರೆ ವಾರ್ಡಿಗೆ ಫೋನ್ ಮಾಡಿ ಕಳಿಸಿಕೊಡಿ ಅನ್ನುತ್ತಾಳೆ. ಇಲ್ಲದಿದ್ದರೆ ಸೋಮವಾರದ ಮಾತು. ಇವತ್ತು ಶುಕ್ರವಾರ. ಇನ್ನೂ ಮೂರು ರಾತ್ರಿ ಆ ವಾರ್ಡಿನಲ್ಲಿ ಕೂರುವ ಶಕ್ತಿ ಲಿಯಾನ್‌ಗೆ ಉಳಿದಿಲ್ಲ ಎಂಬುದು ಗ್ಲೆಂಡಾಗೆ ಗೊತ್ತಿತ್ತು. ನಿನ್ನೆ ಫೋನಿನಲ್ಲಿ ಹುಡುಗಿ ಮಾತೇ ಆಡಿರಲಿಲ್ಲ, ಬರೀ ಅತ್ತಿದ್ದಳು.

ಜಾನೆಟ್ ಬರುವುದು ಡಿನ್ನರ್ ಹೊತ್ತಿಗೆ. ಬುಧವಾರ ಅವಳೇ ಫೋನ್ ಮಾಡಿ ಹೇಳಿದ್ದಳು. ಗ್ಲೆಂಡಾ ಅದನ್ನು ಅಕ್ಷರ ತಪ್ಪದೆ ಅಳಿಯ ಡೊಮಿನಿಕ್‌ಗೆ ಮುಟ್ಟಿಸಿದ್ದಳು. ಶುಕ್ರವಾರ ಡಿನ್ನರ್ ಹೊತ್ತಿಗೆ ನರ್ಸ್ ಬರ್ತಾಳೆ, ಮನೆ ಬೆಚ್ಚಗಿರಬೇಕು ಅಂತ.

ಡೊಮಿನಿಕ್‌ನ ಕಸುಬೇ ಬಾಯ್ಲರ್ ರಿಪೇರಿ. ಗ್ಲೆಂಡಾಳ ಊರು ಇಂಗ್ಲೆಂಡಿನ ಉತ್ತರದ್ದು, ಅವನು ದಕ್ಷಿಣದ ಸರ್ರೆ ಕಡೆಯವನು. ಸ್ವಂತ ಮನೆ ಆಗುವವರೆಗೆ ಗಂಡ ಹೆಂಡತಿ ಇಬ್ಬರೂ ಇಲ್ಲೇ ಗ್ಲೆಂಡಾಳ ಜೊತೆ ಇದ್ದು ನಾಲ್ಕು ವರ್ಷ. ಕೆಲಸಗಾರ ಹೌದು, ಆದರೆ ಎಲ್ಲವೂ ತನಗೇ ಗೊತ್ತು ಅನ್ನುವ ಜಾತಿ. ಬುಧವಾರ ಸಂಜೆ ಹಜಾರದ ಗೋಡೆಯ ಮೇಲಿದ್ದ ಹಳೆಯ ತಿರುಗುಬಿಲ್ಲೆಯ ಥರ್ಮೋಸ್ಟಾಟ್ ಕಿತ್ತುಹಾಕಿದ. ಹಜಾರ ಬೆಚ್ಚಗಾದ ಕೂಡಲೇ ಅದು ಬಾಯ್ಲರ್ ಆರಿಸುತ್ತದೆ, ಮೇಲಿನ ಕೋಣೆ ತಣ್ಣಗೇ ಉಳಿಯುತ್ತದೆ ಎಂದು ಅವನ ವಾದ. ಅಡುಗೆಮನೆಯಲ್ಲಿ ಬಾಯ್ಲರಿನ ಪಕ್ಕ ಒಂದು ಬಿಳಿ ಪೆಟ್ಟಿಗೆ ಕೂರಿಸಿ, ತಂತಿಯೇ ಇಲ್ಲದ ಹೊಸ ಥರ್ಮೋಸ್ಟಾಟ್ ತಂದ. ಯಾವ ದಿನ ಎಷ್ಟು ಗಂಟೆಗೆ ಹೊತ್ತಬೇಕು, ಯಾವಾಗ ಆರಬೇಕು ಎಂದು ಅದಕ್ಕೆ ಮೊದಲೇ ಹೇಳಿಟ್ಟರಾಯಿತಂತೆ. ಮೊದಲಿನಿಂದ ಮನೆಗೆ ಬರುತ್ತಿದ್ದ ಸ್ಟಾನ್ ಬಾಟಮ್ಲಿಯನ್ನೇ ಕರೆಸೋಣ ಅಂತ ಗ್ಲೆಂಡಾ ಜಗಳ ತೆಗೆದಳು. ಅವನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹೊರಡುವಾಗ ಒಂದೇ ಮಾತು ಹೇಳಿದ್ದ. “ಮುಟ್ಬೇಡಿ ಗ್ಲೆಂಡಾ. ನೀವು ಮೂವತ್ತಕ್ಕೆ ತಿರುಗಿಸ್ತೀರ.”

ತಿರುಗಿಸುತ್ತಿದ್ದದ್ದು ನಿಜ. ಮೂವತ್ತಕ್ಕಿಟ್ಟರೆ ಬೇಗ ಕಾಯುತ್ತದೆ ಎಂದು ಅವಳ ನಂಬಿಕೆ, ಅವಳ ಬೀದಿಯ ಎಲ್ಲರ ನಂಬಿಕೆ.

ಅಡುಗೆಮನೆಗೆ ನುಗ್ಗಿದಳು. ಬಿಳಿ ಪೆಟ್ಟಿಗೆಯ ಮೇಲೆ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು, ಬಾಯ್ಲರ್ ಮಾತ್ರ ಉಸಿರೆತ್ತುತ್ತಿರಲಿಲ್ಲ. ಬಿಸಿನೀರಿನ ನಲ್ಲಿ ತಿರುಗಿಸಿದಳು. ತಕ್ಷಣ ಗುರ್ರೆಂದು ಹೊತ್ತಿಕೊಂಡಿತು. ನಲ್ಲಿ ಮುಚ್ಚಿದಳು, ಆರಿತು. ಬಾಯ್ಲರ್ ಕೆಟ್ಟಿಲ್ಲ. ಅಂದರೆ ಅಳಿಯ ಮಹಾಶಯ ತಂತಿ ತಪ್ಪಾಗಿ ಸೇರಿಸಿದ್ದಾನೆ. ಗ್ಲೆಂಡಾಗೆ ಒಂದು ಗಳಿಗೆ ಖುಷಿಯೇ ಆಯಿತು, ಮರುಗಳಿಗೆ ಮಗಳ ಅಳು ನೆನಪಾಯಿತು. ಫೋನ್ ಮಾಡಿದಳು.

“ನಿನ್ನ ಆಟಿಕೆ ಕೈ ಕೊಟ್ಟಿದೆ,” ಅಂದಳು. “ಮನೆ ಮಂಜಿನ ಪೆಟ್ಟಿಗೆ ಆಗಿದೆ. ಇನ್ನೊಂದು ಗಂಟೇಲಿ ಜಾನೆಟ್ ಬಾಗಿಲಲ್ಲಿ ನಿಂತಿರ್ತಾಳೆ.”

“ಒಂದು ಗಂಟೇಲಾ? ಡಿನ್ನರ್‌ಗೆ ತಾನೆ ಬರೋದು?”

“ಹೂಂ. ಡಿನ್ನರ್‌ಗೆ. ಹನ್ನೆರಡೂವರೆಗೆ.”

ಆ ಕಡೆಯಿಂದ ಬಂದ ದನಿ ಸಣ್ಣದಾಗಿತ್ತು.

“ನಮ್ಮ ಕಡೆ ಡಿನ್ನರ್ ಅಂದ್ರೆ ರಾತ್ರಿ ಊಟ, ಗ್ಲೆಂಡಾ. ನಾನು ಸಂಜೆ ಐದಕ್ಕೆ ಹೊತ್ತೋ ಹಾಗೆ ಇಟ್ಟಿದೀನಿ. ಲಿಯಾನ್‌ಗೂ ಸಂಜೆ ಅಂತಲೇ ಹೇಳಿದೀನಿ.”

ಗ್ಲೆಂಡಾ ಗೋಡೆಗೆ ಒರಗಿದಳು. ಇಪ್ಪತ್ತೆರಡು ವರ್ಷದಿಂದ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿರುವ ಹೆಂಗಸು ಅವಳು. ಡಿನ್ನರ್ ಲೇಡಿ ಎಂದೇ ಅವಳ ಹುದ್ದೆಯ ಹೆಸರು. ದಿನಾ ಹನ್ನೆರಡಕ್ಕೆ ಇನ್ನೂರು ಮಕ್ಕಳಿಗೆ ಬಡಿಸುತ್ತಾಳೆ. ಇವತ್ತು ಬೆಳಗಿನ ಆಲೂಗಡ್ಡೆ ಸುಲಿದು, ಬಡಿಸುವ ಕೆಲಸ ಬೇರೆಯವರಿಗೆ ಒಪ್ಪಿಸಿ ಬಂದಿದ್ದಳು.

“ನಾಲ್ಕು ವರ್ಷ ನನ್ನ ಮನೇಲಿ ತಿಂದಿದೀಯಲ್ಲೋ,” ಅಂದಳು. “ನಾನೇನು ಮಕ್ಕಳಿಗೆ ಮಧ್ಯರಾತ್ರಿ ಬಡಿಸ್ತೀನಿ ಅಂದ್ಕೊಂಡಿದ್ಯಾ? ನಿಮ್ಮೂರಲ್ಲಿ ರಾತ್ರಿಗೆ ಏನಂತಾರೋ ಯಾರಿಗೆ ಬೇಕು. ರಾತ್ರಿ ತಿನ್ನೋದು ಟೀ.”

“ಟೀ ಅಂದ್ರೆ ಕುಡಿಯೋದು,” ಅಂದುಬಿಟ್ಟ ಅವನು. ಅಂದಮೇಲೆ ಅದು ಈಗ ಆಡುವ ಮಾತಲ್ಲ ಅನ್ನಿಸಿರಬೇಕು. ಥರ್ಮೋಸ್ಟಾಟ್ ಮಹಡಿಯಲ್ಲಿ ಮಗುವಿನ ಕೋಣೆಯ ತೊಟ್ಟಿಲ ಪಕ್ಕದ ಕಪಾಟಿನ ಮೇಲಿದೆ, ಕೂಡಿಸುವ ಗುರುತಿನ ಗುಂಡಿ ಒತ್ತಿ ಇಪ್ಪತ್ತಕ್ಕೆ ತನ್ನಿ ಎಂದು ಬಡಬಡ ಹೇಳಿದ. “ಇಪ್ಪತ್ತೇ. ಮೂವತ್ತು ಬೇಡ. ದಮ್ಮಯ್ಯ ಅಂತೀನಿ. ಬಾಯ್ಲರ್ ಅದರ ಪಾಡಿಗೆ ಅದು ಕಾಯಿಸುತ್ತೆ. ಮೂವತ್ತು ಅಂದ್ರೆ ಜೋರಾಗಿ ಕಾಯಿಸಲ್ಲ, ಜಾಸ್ತಿ ಹೊತ್ತು ಕಾಯಿಸುತ್ತೆ ಅಷ್ಟೆ. ಮಗುಗೆ ಸೆಕೆ ಆದ್ರೂ ಜಾನೆಟ್ ಒಪ್ಪಲ್ಲ.”

ಮೆಟ್ಟಿಲು ಹತ್ತುವಾಗ ಮಂಡಿ ನೋವು ನೆನಪಾಗಲೇ ಇಲ್ಲ. ಸಾಬೂನಿನಷ್ಟು ದೊಡ್ಡ ಬಿಳಿ ವಸ್ತು. ಅದರ ಮುಖದ ಮೇಲೆ ಹದಿನಾಲ್ಕು ಎಂದಿತ್ತು. ಗುಂಡಿ ಒತ್ತಿದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಬೆರಳು ಇನ್ನೂ ತುಡಿಯುತ್ತಿತ್ತು. ಕೈ ಹಿಂದಕ್ಕೆಳೆದುಕೊಂಡಳು. ಕೆಳಗೆ ಅಡುಗೆಮನೆಯಲ್ಲಿ ಬಾಯ್ಲರ್ ಗುರ್ರೆಂದಿತು.

ಕಾಯುತ್ತ ಕೂರುವುದು ಅವಳಿಂದಾಗದ ಕೆಲಸ. ಅಷ್ಟರಲ್ಲಿ ಒಂದು ಯೋಚನೆ ಬಂತು. ಇನ್ನೂರು ಮಕ್ಕಳ ಸಾರು ಬೇಗ ಕುದಿಯಬೇಕಾದರೆ ಅವಳು ಪಕ್ಕದ ಒಲೆಗಳನ್ನು ಆರಿಸುತ್ತಿದ್ದಳು. ಹಾಗೆಯೇ ತನ್ನ ಕೋಣೆಯ ರೇಡಿಯೇಟರ್ ತಿರುಪು ಮುಚ್ಚಿದಳು, ಕೆಳಗೆ ಸೋಫಾ ಇದ್ದ ಕೋಣೆಯದನ್ನೂ ಅಡುಗೆಮನೆಯದನ್ನೂ ಮುಚ್ಚಿದಳು. ತಿರುಪೇ ಇಲ್ಲದ ಹಜಾರದ್ದೊಂದನ್ನು ಬಿಟ್ಟಳು. ಉಳಿದ ಬಿಸಿನೀರೆಲ್ಲ ಮಗುವಿನ ಕೋಣೆಗೇ ಹೋಗಲಿ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ, ತೊಟ್ಟಿಲ ಪಕ್ಕ ಕೋಟು ಬಿಚ್ಚದೆ ಕುಕ್ಕರಿಸಿದಳು. ರೇಡಿಯೇಟರ್ ಟಿಕ್ ಟಿಕ್ ಅನ್ನತೊಡಗಿತು. ಹದಿನೈದು. ಹದಿನೈದೂವರೆ. ಹದಿನಾರು. ಆಮೇಲೆ ಎಷ್ಟೋ ಹೊತ್ತು ಹದಿನಾರರಲ್ಲೇ ನಿಂತಿತು. ಅದಕ್ಕೆ ಕೇಳಿಸುವ ಹಾಗೆ ಎರಡು ಬೈದಳು.

ಹನ್ನೆರಡೂ ನಲವತ್ತಕ್ಕೆ ಜಾನೆಟ್ ಬಂದಳು. ಕೆಳಗಿನ ಮನೆಯ ಚಳಿಗೆ ಹುಬ್ಬೇರಿಸಿದಳು. ಗ್ಲೆಂಡಾ ಏನನ್ನೂ ವಿವರಿಸದೆ ಮೇಲೆ ಕರೆದೊಯ್ದಳು. ಜಾನೆಟ್ ತನ್ನದೇ ಥರ್ಮಾಮೀಟರ್ ತೆಗೆದು ತೊಟ್ಟಿಲಲ್ಲಿಟ್ಟು, ಕಿಟಕಿಯಿಂದ ಹೊರಗೆ ನೋಡುತ್ತ ನಿಂತಳು. ಗ್ಲೆಂಡಾ ನೆಲ ನೋಡುತ್ತ ನಿಂತಳು.

“ಹದಿನೆಂಟೂ ಕಾಲು,” ಅಂದಳು ಜಾನೆಟ್. “ಆಯ್ತು ಬಂಗಾರ, ಸಾಕು. ಆದ್ರೆ ನೀನು ಕೋಟು ಯಾಕೆ ಹಾಕ್ಕೊಂಡಿದೀಯ?”

ಗ್ಲೆಂಡಾಗೆ ಆಗಲೇ ತಿಳಿದದ್ದು, ಬೆನ್ನ ಮೇಲೆ ಬೆವರಿಳಿಯುತ್ತಿತ್ತು. ಜಾನೆಟ್ ವಾರ್ಡಿಗೆ ಫೋನ್ ಮಾಡುತ್ತಿದ್ದಂತೆ ಅವಳು ಮೆಟ್ಟಿಲ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಉಜ್ಜಿಕೊಂಡಳು. ಎದ್ದು ಒಂದೊಂದೇ ತಿರುಪು ತೆರೆದಳು.

ಮೂರು ಗಂಟೆಗೆ ಗಂಡ ಹೆಂಡತಿ ಮಗುವನ್ನೆತ್ತಿಕೊಂಡು ಬಂದರು. ಲಿಯಾನ್ ಬಾಗಿಲಲ್ಲೇ ಬೂಟು ಕಳಚಿ, ಅಮ್ಮಾ ಎಷ್ಟು ಬೆಚ್ಚಗಿದೆ ಅಂದಳು, ಸೋಫಾದ ಮೇಲೆ ಕೂತವಳು ಹಾಗೇ ನಿದ್ದೆ ಹೋದಳು. ಮಗು ಮೇಲೆ ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿತು. ಡೊಮಿನಿಕ್ ಥರ್ಮೋಸ್ಟಾಟ್ ಹಿಡಿದು ಅಡುಗೆಮನೆಗೆ ಬಂದು, ಅತ್ತೆಯ ಎದುರು ಸಪ್ಪೆ ಮುಖ ಮಾಡಿಕೊಂಡು ನಿಂತ. ನಾಳೆಯಿಂದ ಯಾವಾಗ ಯಾವಾಗ ಹೊತ್ತಬೇಕು ಎಂದು ಕೇಳಿದ.

“ಡಿನ್ನರ್‌ಗೆ...” ಎಂದು ಶುರುಮಾಡಿದಳು ಗ್ಲೆಂಡಾ.

“ಗಂಟೆ ಹೇಳಿ ಗ್ಲೆಂಡಾ. ಊಟದ ಹೆಸರು ಬೇಡ.”

ಅವಳಿಗೆ ಬೈಯಬೇಕೆನಿಸಿತ್ತು, ನಗು ಬಂದುಬಿಟ್ಟಿತು. ಒಲೆಯಿಂದ ಮಾಂಸದ ಕಡುಬು ತೆಗೆದು ದೊಡ್ಡ ತುಂಡೇ ಅವನ ತಟ್ಟೆಗೆ ಹಾಕಿದಳು. ಹೆಸರು ಏನಾದರೂ ಇಟ್ಟುಕೋ, ಬಿಸಿಯಿದ್ದಾಗಲೇ ತಿನ್ನು ಅಂದಳು.