ನನ್ನ ಹೆಸರಿನ ಲಕೋಟೆ

ಚುನಾವಣಾ ಕಚೇರಿಯ ಗಾಜಿನ ಆಚೆ ಟ್ಯೂಬ್‌ಲೈಟು ಮಿಣುಕುತ್ತಿದೆ, ಗುಮಾಸ್ತೆ ಜೋಲೀನಳ ಕನ್ನಡಕದಲ್ಲೂ ಮಿಣುಕುತ್ತಿದೆ, ಅವಳ ತುಟಿ ಅಲುಗುತ್ತಿದೆ, ಕೇಳಿಸಿಕೊಳ್ಳಬೇಕು — ಲಕೋಟೆ ಮೇಲಿನ ಸಹಿ ನಮ್ಮಲ್ಲಿರೋ ಸಹಿಗೆ ಹೊಂದ್ತಿಲ್ಲ ವರ್ನಾ ಟೀಚರ್, ಅದಕ್ಕೇ ನಿಮಗೆ ಕಾಗದ ಹಾಕಿದ್ದು, ಐದು ಗಂಟೆಯೊಳಗೆ ಸರಿಮಾಡ್ಬೇಕು, ಇವತ್ತೇ ಕೊನೆ. ಕೌಂಟರಿನ ಮೇಲೆ ಚುನಾವಣೆಯ ಲಕೋಟೆ, ಅಚ್ಚಾದ ಹೆಸರು ನನ್ನದು, ಕೆಳಗಿನ ಸಹಿ ನನ್ನ ಗಂಡ ಆರ್ವಿಡ್‌ರದು, ಓದಲು ಬರುವಂಥದಲ್ಲ ಅದು, ಡೇರೆಯಂಥ ಒಂದು ಗೀಟು, ಆಮೇಲೆ ಉದ್ದಕ್ಕೆ ಎಳೆದ ಬಾಲ, ಬ್ಯಾಂಕಿನವರು ನೋಡಿ ನಗುತ್ತಿದ್ದ ಸಹಿ, ಅವರನ್ನು ಮಣ್ಣಿಗಿಟ್ಟು ಹನ್ನೆರಡು ದಿನವಾಯಿತು, ಶಾಯಿ ಇನ್ನೂ ನೀಲಿಯಾಗಿಯೇ ಇದೆ. ಅವತ್ತು ಅಡುಗೆಮನೆಯ ಮೇಜು, ಅಂಚೆಯಲ್ಲಿ ಬಂದ ಎರಡು ಮತಪತ್ರ, ಎರಡು ಲಕೋಟೆ, ನಡುವೆ ಕಾಫಿ, ಅವರು ಪೆನ್ನು ಒತ್ತಿ ಒತ್ತಿ ಮತಪತ್ರದ ಪುಟ್ಟ ಸೊನ್ನೆಯನ್ನು ತುಂಬುತ್ತಿದ್ದಾರೆ, ಸುತ್ತಿ ಸುತ್ತಿ, ನಾಲಿಗೆ ಹಲ್ಲಿನ ನಡುವೆ, ಕೆಳಗಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಗುಳಿ ಬಿತ್ತು, ಗೋಧಿ ಕಾಳಿನಷ್ಟು. ಹೊದಿಕೆ ಹರಿದೀತು, ಅಂದೆ. ಹರೀಲಿ ಬಿಡೆ, ಲೆಕ್ಕಕ್ಕೆ ಬರ್ಬೇಕಲ್ಲ. ಆಂಬುಲೆನ್ಸಿಗಾಗಿ ತೆರಿಗೆ ಹೆಚ್ಚಿಸಬೇಕೋ ಬೇಡವೋ, ಅಷ್ಟೇ ಪ್ರಶ್ನೆ — ನಾನು ಬೇಕು ಅಂತ ತುಂಬ್ದೆ, ನೀನು? ನಂದೂ ಅದೇ, ಅಂದೆ. ತುಂಬಿದ್ದದ್ದು ಬೇಡ ಎಂದು. ಇಷ್ಟು ವರ್ಷ ಒಂದು ದಿನವೂ ಆಂಬುಲೆನ್ಸ್ ಕರೆದವರಲ್ಲ ನಾವು, ಮನೆಯ ಮಾಡು ಬೇರೆ ಸೋರುತ್ತಿತ್ತು, ನಲವತ್ತಾರು ವರ್ಷದಲ್ಲಿ ಅವರಿಗೆ ಹೇಳಿದ ಒಂದೇ ಸುಳ್ಳು, ಅದೂ ಕಾಫಿ ಬಗ್ಗಿಸುತ್ತ.

ಅದಾದ ಮೂರನೆಯ ದಿನ ಅದೇ ಮೇಜಿನ ಪಕ್ಕ ಕುಸಿದರು, ಫೋನಿನಲ್ಲಿ ಯಾರೋ ಹೆಂಗಸು, ಎದೆ ಒತ್ತಿ, ಎಣಿಸ್ತಾ ಒತ್ತಿ, ನಿಲ್ಲಿಸ್ಬೇಡಿ, ನಮ್ಮೂರಿನ ಗಾಡಿಗೆ ವಾರದಲ್ಲಿ ಮೂರೇ ದಿನ ಆಳು, ಅವತ್ತು ಇಲ್ಲ, ಪಕ್ಕದೂರಿನದು ಬರಲು ಮೂವತ್ತೆಂಟು ನಿಮಿಷ, ಒತ್ತುತ್ತಿದ್ದೆ, ಪ್ರಾರ್ಥನೆಯ ಒಂದು ಮಾತೂ ನೆನಪಾಗಲಿಲ್ಲ, ಬರೀ ಎಣಿಕೆ. ಚರ್ಚಿನ ಹೆಂಗಸರು ಆಲೂಗಡ್ಡೆ ಬೇಯಿಸಿ ತಂದರು, ತಟ್ಟೆಗಳ ಅಡಿಯಲ್ಲಿ ಅಂಟಿಸಿದ ಹೆಸರು ನೋಡಿ ಒಂದೊಂದನ್ನೂ ತೊಳೆದು ಮನೆಮನೆಗೆ ಮುಟ್ಟಿಸಿದೆ, ಅಳು ಬರಲಿಲ್ಲ, ಈಗಲೂ ಇಲ್ಲ, ಬೆಳಿಗ್ಗೆ ಮೇಜು ಒರೆಸುವಾಗ ಬೆರಳು ಗುಳಿಯ ಹತ್ತಿರ ಬಂದು ನಿಲ್ಲುತ್ತದೆ, ಅಷ್ಟೇ. ಟೀಚರ್, ಕೇಳಿಸ್ತಾ, ಗಂಡ ಹೆಂಡ್ತಿ ಒಂದೇ ಮೇಜಲ್ಲಿ ಕೂತ್ರೆ ಲಕೋಟೆ ಅದಲುಬದಲಾಗೋದು ಇದ್ದದ್ದೇ, ಪ್ರತಿ ಸಲ ನಾಲ್ಕು ಜೋಡಿ ಜಗಳ ಆಡ್ಕೊಂಡು ಬರ್ತಾರೆ, ಆದ್ರೆ ಹಾಗಾಗಿದ್ರೆ ಇಬ್ಬರೂ ಬಂದು ಹೇಳ್ಬೇಕು, ನಿಮ್ಮ ವಿಷಯದಲ್ಲಿ... ಎರಡೂ ಹೋದ ಹಾಗೆ. ಇಲ್ಲಾಂದ್ರೆ, ಕೈ ನಡುಗಿ ನಿಮ್ಮದೇ ಸಹಿ ಹೀಗಾಗಿದ್ರೆ, ಇಲ್ಲಿ ಪ್ರಮಾಣ ಮಾಡಿ ಸಹಿ ಹಾಕಿ, ಇದೊಂದು ಎಣಿಕೆಗೆ ಹೋಗುತ್ತೆ. ಒಂದು ಮತ ಕಡಿಮೆ, ಇಲ್ಲಿಯವರೆಗಿನ ಎಣಿಕೆಯನ್ನು ಬಾಗಿಲಿಗೇ ಅಂಟಿಸಿದ್ದಾರೆ, ಆಂಬುಲೆನ್ಸಿಗೆ ಒಂದೇ ಒಂದು ಮತ ಕಡಿಮೆ, ಉಳಿದಿರುವುದು ನಮ್ಮ ಲಕೋಟೆಗಳು, ನನ್ನ ಹೆಸರಿನದರಲ್ಲಿ ಅವರ ಬೇಕು, ಅವರ ಹೆಸರಿನದರಲ್ಲಿ ನನ್ನ ಬೇಡ. ದೇವರ ಹತ್ತು ಆಜ್ಞೆಗಳಲ್ಲಿ ಎಂಟನೆಯದು, ಸುಳ್ಳು ಸಾಕ್ಷಿ ಹೇಳಬೇಡ, ಇದೇ ಜೋಲೀನಳಿಗೆ ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದವಳು ನಾನು, ತಪ್ಪಿದ್ದಕ್ಕೆ ನಿಲ್ಲಿಸಿದವಳೂ ನಾನು — ಎರಡು ಭಾನುವಾರ ನಿಲ್ಸಿದ್ರಿ ಟೀಚರ್, ಈಗ ನಿಮ್ಮನ್ನ ನಾನು ನಿಲ್ಸಿದೀನಿ, ಅವಳ ನಗು ಅರ್ಧಕ್ಕೇ ನಿಂತಿತು, ನಾನು ಕೇಳ್ಲೇಬೇಕು ಟೀಚರ್, ಇದು ನಿಮ್ಮ ಸಹಿನಾ? ದೇವರೇ, ಪೆನ್ನಿಗೆ ದಾರ ಕಟ್ಟಿದ್ದಾರೆ, ಬೆರಳು ಕೌಂಟರಿನ ಮೇಲೆ ಹುಡುಕುತ್ತಿದೆ, ನುಣ್ಣಗಿದೆ, ಏನೂ ಇಲ್ಲ. ನಂದೇ, ಅಂದಿತು ಬಾಯಿ, ಕಾಫಿ ಬಗ್ಗಿಸುವಾಗಿನ ಅದೇ ದನಿ, ಪ್ರಮಾಣದ ಕಾಗದಕ್ಕೆ ಪೆನ್ನು ಒತ್ತುತ್ತಿದ್ದೇನೆ, ಲೆಕ್ಕಕ್ಕೆ ಬರಬೇಕಲ್ಲ, ಎಣಿಸುತ್ತ ಒತ್ತುತ್ತಿದ್ದೇನೆ, ಕಾಗದದ ಕೆಳಗೆ ಗುಳಿ, ಗೋಧಿ ಕಾಳಿನಷ್ಟು ಗುಳಿ —