ಮೇಸ್ತ್ರಿ ವೀಸಾ

ಮೂರು ವರ್ಷದ ಹಿಂದೆ ಮೇಸ್ತ್ರಿ ವೀಸಾಕ್ಕೆ ಇನ್ನೂರು ರಿಯಾಲ್, ಸ್ಟೋರ್‌ಕೀಪರ್ ವೀಸಾಕ್ಕೆ ಮುನ್ನೂರೈವತ್ತು. ಮೊದಲನೆಯದು ಹತ್ತು ದಿನದಲ್ಲಿ ಕೈಸೇರುತ್ತಿತ್ತು, ಎರಡನೆಯದಕ್ಕೆ ಮೂರು ತಿಂಗಳು ಕಾಯಬೇಕಿತ್ತು. ಹೆಂಡತಿಯ ತಮ್ಮ ಲಕ್ಷಿತ್‌ನನ್ನು ಮಸ್ಕತ್‌ಗೆ ಕರೆಸುವಾಗ ಗುರುವ ಹೆಚ್ಚು ಯೋಚಿಸಲಿಲ್ಲ. ಗುರುತಿನ ಕಾರ್ಡಿನಲ್ಲಿ ಏನು ಬರೆದಿದ್ದರೇನು, ಘಾಲಾದ ಗೋದಾಮಿನಲ್ಲಿ ತನ್ನ ಪಕ್ಕದ ಮೇಜಿನಲ್ಲಿ ಕೂತು ಬಿಲ್ ಬರೆಯುವುದು ತಾನೆ! ಕರಣೆ ಹಿಡಿದು ಗೊತ್ತಿಲ್ಲದ ಲಕ್ಷಿತ್ ಕಾಗದದ ಮೇಲೆ ಮೇಸ್ತ್ರಿಯಾದ. ಉಳಿದ ನೂರೈವತ್ತಕ್ಕೆ ಗುರುವ ಫ್ರಿಜ್ ಕೊಂಡ.

ಈಗ ಎರಡು ಸಾವಿರದ ಹದಿನಾರರ ಜನವರಿ. ತೈಲದ ಬೆಲೆ ಮೂವತ್ತು ಡಾಲರಿಗೂ ಕೆಳಗೆ ಇಳಿದಿತ್ತು. ಕಂಪನಿ ಮನೆಗೆ ಕಳಿಸುವ ನಲವತ್ತು ಜನರ ಪಟ್ಟಿ ಹಾಕಿತ್ತು. ಅದರಲ್ಲಿ ಲಕ್ಷಿತ್‌ನ ಹೆಸರಿತ್ತು, ಗುರುವನದು ಇರಲಿಲ್ಲ.

ಲಕ್ಷಿತ್‌ಗೆ ಉಳಿದದ್ದು ಒಂದೇ ದಾರಿ, ಕ್ರಿಕೆಟ್. ಒಮಾನ್ ಮತ್ತು ಎಮಿರೇಟ್ಸ್ ಸೇರಿ ಆ ವರ್ಷ ಒಂದು ಲೀಗ್ ಶುರುಮಾಡಿದ್ದವು. ಶುಕ್ರವಾರಗಳಲ್ಲಿ ಕಂಪನಿ ತಂಡಕ್ಕೆ ಲೆಗ್‌ಸ್ಪಿನ್ ಹಾಕುತ್ತಿದ್ದ ಲಕ್ಷಿತ್‌ನನ್ನು ಮಸ್ಕತ್ ತಂಡದವರು ಆರಿಸಿಕೊಂಡರು. ಇಲ್ಲಿ ಎರಡು ಪಂದ್ಯ, ಗಡಿಯಾಚೆ ಆರು. ಇಲ್ಲಿನ ಎರಡರಲ್ಲೇ ಅವನಿಗೆ ಐದು ವಿಕೆಟ್ ಬಿದ್ದವು. ಪಂದ್ಯ ನೋಡಲು ಬಂದಿದ್ದ ಶಾರ್ಜಾದ ಒಂದು ಕ್ಲಬ್ಬಿನ ಕೋಚ್, ಮಂಗಳೂರಿನ ಫ್ರೆಡ್ಡಿ, ಬೆನ್ನು ತಟ್ಟಿ, "ಅಲ್ಲಿಗೆ ಬಂದು ಹೀಗೇ ಹಾಕು ಮಾರಾಯ, ಕೆಲಸ, ವೀಸಾ ಎರಡೂ ನಮ್ಮ ಕ್ಲಬ್ಬಿಂದು" ಎಂದಿದ್ದ.

ತಂಡದ ಹದಿನಾರು ಜನರಿಗೆ ಎಮಿರೇಟ್ಸ್ ವೀಸಾ ಕೇಳಿದ್ದರು. ಹದಿನೈದು ಬಂತು.

ಸೋಮವಾರ ಸುದ್ದಿ ತಂದವನು ಮುಹಿಯುದ್ದೀನ್. ಕಂಪನಿಯ ಸರ್ಕಾರಿ ಕಾಗದಪತ್ರಗಳಿಗೆಲ್ಲ ಓಡಾಡುವವನು ಅವನೇ.

"ಗುರುವಣ್ಣ, ಆಚೆಯವ್ರು ಕಾರ್ಡಿನಲ್ಲಿ ಎಂತ ಕೆಲಸ ಅಂತ ನೋಡ್ತಾರೆ. ಮೇಸ್ತ್ರಿಗೆ ಕೊಡುದಿಲ್ಲ. ಖಲಾಸ್."

"ಬದಲಾಯಿಸ್ಲಿಕ್ಕೆ ಆಗುದಿಲ್ವಾ?"

"ಈಗ ಹೊಸ ಸ್ಟೋರ್‌ಕೀಪರ್ ಜಾಗ ಸಿಗುದಿಲ್ಲ. ಕಂಪನಿಯಲ್ಲಿ ಇರುದು ಒಂದೇ, ಅದು ನಿಮ್ಮದು." ಮುಹಿಯುದ್ದೀನ್ ದನಿ ತಗ್ಗಿಸಿದ. "ಅದಲುಬದಲು ಮಾಡ್ಬಹುದು. ಅವ ಸ್ಟೋರ್‌ಕೀಪರ್, ನೀವು ಮೇಸ್ತ್ರಿ. ತನ್ನ ಹುಡುಗ ಟಿವಿಯಲ್ಲಿ ಬಂದ ಅಂತ ನಮ್ಮ ಕಫೀಲ್ ಧಣಿಗೆ ಖುಷಿ ಉಂಟು, ಸಹಿ ಹಾಕ್ತಾರೆ. ಆದ್ರೆ ನಾಳೆ ಎರಡು ಗಂಟೆಯೊಳಗೆ ಹೇಳ್ಬೇಕು. ಗುರುವಾರ ಬಸ್ಸು."

"ಮೇಸ್ತ್ರಿಗೆ ಫ್ಯಾಮಿಲಿ ವೀಸಾ ಉಂಟಾ?"

ಮುಹಿಯುದ್ದೀನ್ ಚಹಾದ ಲೋಟ ಕೆಳಗಿಟ್ಟ. "ಇಲ್ಲ. ಮನೆಯವ್ರನ್ನು ಊರಿಗೆ ಕಳಿಸ್ಬೇಕಾಗ್ತದೆ."

ಸೀಬ್‌ನ ಫ್ಲ್ಯಾಟಿನಲ್ಲಿ ಗುರುವನ ಮಗಳು ಸಮೀಕ್ಷಾ ಹತ್ತನೆಯ ತರಗತಿಗೆ ಓದುತ್ತಿದ್ದಳು. ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ.

ಅಂದು ಸಂಜೆ ಹೆಂಡತಿ ಸ್ವರ್ಣಲತಾ ದೋಸೆ ಮಗುಚುತ್ತಲೇ ಕೇಳಿದಳು, "ತಮ್ಮನ ವೀಸಾ ಎಂತ ಆಯ್ತು?"

"ನೋಡ್ತಾ ಇದ್ದಾರೆ."

"ನಾಲ್ಕು ದಿನದಿಂದ ನೋಡ್ತಾ ಇದ್ದಾರಾ? ಕಣ್ಣು ಕಾಣುದಿಲ್ವಾ ಅವ್ರಿಗೆ?"

ಗುರುವ ನಗಲು ನೋಡಿದ, ನಗು ಬರಲಿಲ್ಲ. ತಾಯಿ ತೀರಿಕೊಂಡ ಮೇಲೆ ಆ ತಮ್ಮನನ್ನು ಎತ್ತಿ ಬೆಳೆಸಿದವಳು ಇವಳು. ವಿಷಯ ಹೇಳಿದರೆ 'ಮಾಡಿ' ಎನ್ನಬಹುದು, ಆಗ ತನಗೆ ಇಲ್ಲವೆನ್ನಲಾಗದು. 'ಬೇಡ' ಎಂದರೆ ಅವಳಿಗೆ ಇನ್ನು ತಮ್ಮನ ಮುಖ ನೋಡಲಾಗದು. ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದ.

"ಪಪ್ಪ, ಫ್ರೈಡೇ ಮಾಮ ಆಡ್ತಾರಾ? ಫ್ರೆಂಡ್ಸಿಗೆಲ್ಲ ಹೇಳಿದ್ದೇನೆ," ಎಂದಳು ಸಮೀಕ್ಷಾ.

"ನೀನು ಓದು," ಎಂದು ಗದರಿದ.

ಮಂಗಳವಾರ ಗೋದಾಮಿನಲ್ಲಿ ಪಕ್ಕದ ಮೇಜಿನಲ್ಲಿ ಲಕ್ಷಿತ್ ಎಂದಿನಂತೆ ಬಿಲ್ ಬರೆಯುತ್ತಿದ್ದ. ನಡುನಡುವೆ ಎಡಗೈಯಲ್ಲಿ ಪೇಪರ್‌ವೆಯ್ಟ್ ತಿರುಗಿಸುತ್ತಿದ್ದ. ಗುರುವ ಸಿಮೆಂಟ್ ಚೀಲಗಳನ್ನು ಮೂರು ಸಲ ಎಣಿಸಿದ, ಮೂರು ಸಲವೂ ಬೇರೆಬೇರೆ ಲೆಕ್ಕ ಬಂತು. ಒಂದೂವರೆಗೆ ಫೋನ್ ಕೈಗೆತ್ತಿಕೊಂಡ, ಮುಹಿಯುದ್ದೀನ್‌ನ ಹೆಸರಿನವರೆಗೆ ಹೋದ, ಹಾಗೇ ಜೇಬಿಗೆ ಹಾಕಿದ. ಎರಡಾಯಿತು. ಎರಡೂ ಹತ್ತಾಯಿತು.

ಗುರುವಾರ ಬೆಳಿಗ್ಗೆ ಬಸ್ಸಿನ ಬಳಿ ತಂಡದ ಮ್ಯಾನೇಜರಿಗೆ ಲಕ್ಷಿತ್ ಇಸ್ತ್ರಿ ಮಾಡಿದ ಜೆರ್ಸಿಯನ್ನು ವಾಪಸ್ಸು ಕೊಟ್ಟ. ಬಸ್ಸು ಹೊರಟಿತು. ಕಾರಿನಲ್ಲಿ ಕೂತ ಮೇಲೆ ಗುರುವನಿಗೆ ತಡೆಯಲಾಗಲಿಲ್ಲ.

"ಲಕ್ಷಿತ್, ಒಂದು ದಾರಿ ಇತ್ತು ಮಾರಾಯ. ನನ್ನ ಜಾಗ ನಿನಗೆ ಕೊಡುವ ದಾರಿ. ನಾನು ಹೇಳ್ಲಿಲ್ಲ."

"ಗೊತ್ತು ಭಾವ. ಸೋಮವಾರವೇ ಮುಹಿಯುದ್ದೀನ್ ಕಾಕ ಹೇಳಿದ್ರು. ಅಕ್ಕನಿಗೆ ಹೇಳ್ಬೇಡಿ ಅಂತ ಅವ್ರಿಗೆ ಹೇಳಿದ್ದೇ ನಾನು."

ಗುರುವ ಕೀಲಿ ತಿರುಗಿಸದೆ ಸ್ಟೀರಿಂಗ್ ಹಿಡಿದು ಕೂತ.

"ನೀವು ಮೇಸ್ತ್ರಿಯಾಗಿ ಕಟ್ಟಿದ ಗೋಡೆಯ ಕೆಳಗೆ ಯಾರು ನಿಲ್ಲುದು?" ಎಂದು ಲಕ್ಷಿತ್ ನಕ್ಕ. ಆಮೇಲೆ ಕಿಟಕಿಯ ಕಡೆ ತಿರುಗಿ, "ಯಲ್ಲಾ ಭಾವ, ಗಾಡಿ ತೆಗೀರಿ. ಬಿಲ್ ಬಾಕಿ ಉಂಟು" ಎಂದ. ಘಾಲಾ ಮುಟ್ಟುವವರೆಗೆ ಮುಖ ಈಚೆ ತಿರುಗಿಸಲಿಲ್ಲ.

ತಿಂಗಳ ಕೊನೆಗೆ ಲಕ್ಷಿತ್ ಊರಿಗೆ ಹೋದ. ಶಾರ್ಜಾದ ಕೆಲಸ ಬೇರೆ ಯಾರಿಗೋ ಸಿಕ್ಕಿತು. ಸಮೀಕ್ಷಾ ಪರೀಕ್ಷೆ ಬರೆದು ಪಾಸಾದಳು. ವೀಸಾ ಯಾಕೆ ಬರಲಿಲ್ಲವೆಂದು ಸ್ವರ್ಣಲತಾಗೆ ಈಗ ಗೊತ್ತು, ದಾರಿಯೊಂದಿತ್ತೆಂದು ಗೊತ್ತಿಲ್ಲ. ಗುರುವನ ಮನೆ ಉಳಿಯಿತು, ಲಕ್ಷಿತ್‌ನ ಆಟ ಹೋಯಿತು.